ನೆಗಡಿಯಾದವರ ಹಾಡು

ಭದ್ರಾವತಿಯ ನಮ್ಮ ಬೀದಿಯ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ಒಂದು ಕ್ರಮವಿತ್ತು. ಮೊದಲು ಗಣೇಶಸ್ತುತಿ, ಆಮೇಲೆ ರಾಜ್‌ಕುಮಾರ್ ಹಾಡುಗಳು, ರಾತ್ರಿ ಹತ್ತು ದಾಟಿ ಹಿರಿಯರು ಆಕಳಿಸತೊಡಗಿದ ಮೇಲೆ ಡಿಸ್ಕೊ. ಗಾಯಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈಕ್‌ಸೆಟ್ಟಿನವನಿಗೆ ಎಕೋ ಏರಿಸುವಂತೆ ಕೈಸನ್ನೆ ಮಾಡಿ ‘ಆಪ್ ಜೈಸಾ ಕೋಯಿ’ ಶುರು ಹಚ್ಚುತ್ತಿದ್ದಳು. ಅವಳು ಒಂದು ಸಲ ಅಂದದ್ದನ್ನು ಕಂಬಕ್ಕೆ ಕಟ್ಟಿದ ಹಾರ್ನ್ ಮೂರು ಸಲ ಅನ್ನುತ್ತಿತ್ತು. ನನ್ನ ಸೋದರಮಾವ, “ಇದೇನೋ ಮಾರಾಯ, ನೆಗಡಿಯಾದವರ ಹಾಡು!” ಎಂದು ಪಂಚೆ ಕೊಡವಿ ಎದ್ದುಬಿಡುತ್ತಿದ್ದರು.

ಮಾವನದು ತಪ್ಪೇನಲ್ಲ. ಲತಾ, ಆಶಾ ಅವರ ಪಳಗಿದ ಕಂಠಕ್ಕೆ ಒಗ್ಗಿದ ಕಿವಿ ಅವರದು. ಮೂಲದಲ್ಲಿ ಹಾಡಿದ ನಾಜಿಯಾ ಹಸನ್ ದನಿ ತೆಳು, ಮೂಗಿನಲ್ಲೇ ಸುತ್ತುವಂಥದ್ದು. ಕರಾಚಿಯಲ್ಲಿ 1965ರಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದುತ್ತಿದ್ದ ಹುಡುಗಿ. ‘ಕುರ್ಬಾನಿ’ ಸಿನಿಮಾದ ನಟ-ನಿರ್ದೇಶಕ ಫಿರೋಜ್ ಖಾನ್ ಕಣ್ಣಿಗೆ ಆಕೆ ಬಿದ್ದದ್ದು ಅಲ್ಲೇ. ‘ಕುರ್ಬಾನಿ’ಯ ಉಳಿದ ಹಾಡುಗಳು ಕಲ್ಯಾಣ್‌ಜಿ–ಆನಂದ್‌ಜಿ ಅವರವು; ಇದೊಂದನ್ನು ಖಾನ್ ಮಾಡಿಸಿದ್ದು ಬಿದ್ದು ಅಪ್ಪಯ್ಯನವರಿಂದ.

ಖಾನ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಬಿದ್ದು ಕೂಡ ಬೆಂಗಳೂರಿನವರೇ, ಕೊಡವರು. ಇಲ್ಲಿ ಗಿಟಾರ್ ಹಿಡಿದು ಹಾಡಿಕೊಂಡಿದ್ದವರು ಅರವತ್ತರ ದಶಕದಲ್ಲಿ ಇಂಗ್ಲೆಂಡ್ ಸೇರಿದರು. ಬೇರೊಂದು ಹಾಡಿನ ಹಿಂಬದಿಗೆ ಸಾಕೆಂದು ತರಾತುರಿಯಲ್ಲಿ ಮುದ್ರಿಸಿದ, ಅವರ ನಿರ್ಮಾಣದ ‘ಕುಂಗ್ ಫು ಫೈಟಿಂಗ್’ 1974ರಲ್ಲಿ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಇಂಥವರಿಗೆ ನಾಜಿಯಾ ದನಿಯ ತೆಳುವು ತೊಡಕೆನಿಸಲಿಲ್ಲ. ಅದೇ ದನಿಯನ್ನು ಎರಡು ಸಲ ಮುದ್ರಿಸಿ ಒಂದರ ಮೇಲೊಂದು ಕೂರಿಸಿದರು. ನಮ್ಮೂರ ಮೈಕ್‌ಸೆಟ್ಟಿನವನು ಎಕೋ ತಿರುಗಿಸಿ ತಿರುಗಿಸಿ ಹಿಡಿಯಲು ಹೆಣಗುತ್ತಿದ್ದುದು ಈ ಜೋಡಿದನಿಯನ್ನೇ!

‘ಕುರ್ಬಾನಿ’ 1980ರಲ್ಲಿ ತೆರೆಕಂಡಿತು. ಮರುವರ್ಷ ಫಿಲ್ಮ್‌ಫೇರ್ ಪ್ರಶಸ್ತಿ ಬಂದಾಗ ನಾಜಿಯಾ ಇನ್ನೂ ಹದಿಹರೆಯದವರು. ಅದೇ ವರ್ಷ ತಮ್ಮ ಜೊಹೇಬ್ ಜೊತೆ ‘ಡಿಸ್ಕೊ ದೀವಾನೆ’. ಸಿನಿಮಾದ ಹಂಗಿಲ್ಲದೆ ಒಂದು ಆಲ್ಬಂ ಮನೆಮನೆ ಹೊಗಬಹುದೆಂದು ಈ ಉಪಖಂಡಕ್ಕೆ ತೋರಿಸಿಕೊಟ್ಟದ್ದು ಅದು. ನಮ್ಮನೆಗೂ ಅದು ಬಂತು, ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಯಿಂದ. ‘ಎ’ ಬದಿಗೆ ಅಕ್ಕನ ಆಯ್ಕೆಯ ನಾಜಿಯಾ, ‘ಬಿ’ ಬದಿಗೆ ಅಮ್ಮನ ಆಯ್ಕೆಯ ದೇವರನಾಮ. ಟೇಪು ತಿರುವಿ ಹಾಕುವುದು ಮರೆತರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಡಿಸ್ಕೊ.

1992ರ ‘ಕ್ಯಾಮೆರಾ ಕ್ಯಾಮೆರಾ’ವೇ ಕೊನೆ, ಒಟ್ಟು ಐದು ಆಲ್ಬಂ. ಅವಕಾಶ ತಪ್ಪಿ ನಿಂತದ್ದಲ್ಲ. ನಾಜಿಯಾ ಕಾನೂನು ಓದಿದರು, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ದುಡಿದರು. ಆಮೇಲೆ ಶ್ವಾಸಕೋಶದ ಕ್ಯಾನ್ಸರ್. 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ವಯಸ್ಸು 35.

‘ಡಿಸ್ಕೊ ದೀವಾನೆ’ಯನ್ನು 2012ರಲ್ಲಿ ‘ಸ್ಟೂಡೆಂಟ್ ಆಫ್ ದಿ ಇಯರ್’ಗೆ ಹೊಸದಾಗಿ ಹೊಲಿದರು. ನನ್ನ ಮಗಳು ಕಾಲೇಜಿನಲ್ಲಿ ಕುಣಿದದ್ದು ಅದಕ್ಕೆ. ಕುಣಿಯಲಿ, ಅದಕ್ಕೇ ಇರುವ ಹಾಡು. ಆದರೆ ಕೂತು ಕೇಳುವ ಮನಸ್ಸಾದರೆ 1981ರದ್ದನ್ನೇ ಹಾಕಿಕೊಳ್ಳಿ. ಪಳಗಿದ ಕಂಠವೇ ಹಾಡಬೇಕು, ಹಾಡುವವರು ಜನ್ಮವಿಡೀ ಹಾಡಬೇಕು ಎಂಬ ಎರಡೂ ಕಟ್ಟಳೆಗಳನ್ನು ನಾಜಿಯಾ ಮುರಿದರು. ಆ ನೆಗಡಿಯ ದನಿಗೆ ನನ್ನ ಓಟು.