ಮಟ್ಟ ಅಳೆಯೋ ಕೋಲು ಯಾರ ಕೈಲಿದೆ?

ಕಾಲೇಜುಗಳ ಮಟ್ಟ ಕುಸಿಯಿತು ಎಂದು ಗೋಳಾಡುವವರು ಈ ನಾಡಿನಲ್ಲಿ ಯಾವತ್ತೂ ಇದ್ದಾರೆ. ನಮ್ಮ ಕೇರಿಯ ಮಕ್ಕಳು ಮೆಟ್ಟಿಲು ಹತ್ತಿದ ಮೇಲೆ ಆ ಗೋಳು ಜೋರಾಯಿತು, ಅಷ್ಟೆ. ಪ್ರವೇಶದ ಅಂಕ ಏರಿಸಬೇಕೋ ಇಳಿಸಬೇಕೋ ಅಂತ ಅವರು ಕೇಳ್ತಾರೆ. ನಾನು ಕೇಳೋದು ಬೇರೆ: ಯಾರಿಗಾಗಿ ಇಳಿಸಿದಾಗ ಮಟ್ಟ ಕುಸಿಯುತ್ತೆ, ಯಾರಿಗಾಗಿ ಇಳಿಸಿದಾಗ ಕುಸಿಯೋದಿಲ್ಲ?

1962ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳ ನೂರರಲ್ಲಿ 68 ಸೀಟುಗಳನ್ನು ಹಿಂದುಳಿದವರಿಗೂ ಪರಿಶಿಷ್ಟರಿಗೂ ಮೀಸಲಿಟ್ಟಿತು. ಅದೇ ವರ್ಷ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಹೊಡೆದುಹಾಕಿತು. ಮೀಸಲಾತಿ ಸಾಮಾನ್ಯವಾಗಿ ನೂರಕ್ಕೆ 50ರ ಒಳಗಿರಬೇಕು ಎಂದಿತು. ಉನ್ನತ ಶಿಕ್ಷಣದ ಮಟ್ಟದ ಚಿಂತೆ ಆ ತೀರ್ಪಿನಲ್ಲೂ ಇತ್ತು.

ಈಗ ದುಡ್ಡಿನ ಬಾಗಿಲು ನೋಡಿ. 1989ರ ಸರ್ಕಾರಿ ಆದೇಶದಂತೆ ನಮ್ಮ ರಾಜ್ಯದ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ವರ್ಷದ ಫೀಸು ಸರ್ಕಾರಿ ಸೀಟಿಗೆ 2,000, ಮಿಕ್ಕ ಕನ್ನಡನಾಡಿನವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ. ಒಂದೇ ಬೆಂಚು, ಒಂದೇ ಮೇಷ್ಟ್ರು, ಮೂರು ರೇಟು! 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಕ್ಯಾಪಿಟೇಷನ್ ಎಂದೇ ಕರೆಯಿತು. ಆದರೂ ಮ್ಯಾನೇಜ್‌ಮೆಂಟ್ ಸೀಟು, ಎನ್ನಾರೈ ಸೀಟು ಎಂಬ ಹೊಸ ಹೆಸರುಗಳಲ್ಲಿ ದುಡ್ಡಿನ ದಾರಿ ಉಳಿದೇ ಇದೆ. ಅಲ್ಲಿ ಕಡಿಮೆ ರ್‍ಯಾಂಕಿನ ಹುಡುಗನನ್ನು ಯಾರೂ ‘ಕೋಟಾದವನು’ ಅನ್ನಲ್ಲ. ಅವನ ಹಿಂದೆ ಕಾರು ನಿಂತಿರುತ್ತೆ.

2023ರಲ್ಲಿ ಇನ್ನೊಂದು ತಮಾಷೆ. ವೈದ್ಯಕೀಯ ಸ್ನಾತಕೋತ್ತರ ಸೀಟುಗಳು ಖಾಲಿ ಉಳಿದವು ಅಂತ ಕೇಂದ್ರ ಸರ್ಕಾರ ನೀಟ್ ಅರ್ಹತೆಯನ್ನು ಎಲ್ಲ ವರ್ಗದವರಿಗೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಿತು. ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ಮೀಸಲಾತಿ ಅಂದ ತಕ್ಷಣ ರೋಗಿಗಳ ಪ್ರಾಣದ ಬಗ್ಗೆ ಕಣ್ಣೀರು ಹಾಕೋ ಮಹನೀಯರು ಅವತ್ತು ಅಷ್ಟೇ ಜೋರಾಗಿ ಅತ್ತದ್ದು ನನ್ನ ಕಿವಿಗಂತೂ ಬೀಳಲಿಲ್ಲ.

ನಮ್ಮಪ್ಪ ಗಾರೆ ಕೆಲಸದವನು. ರಸಮಟ್ಟ ಇಟ್ಟು ಗೋಡೆ ನೋಡ್ತಾನೆ. ಗೋಡೆ ವಾಲಿದ್ರೆ ಮೊದಲು ಪಾಯ ನೋಡ್ತಾನೆ, ಇಟ್ಟಿಗೆಯನ್ನು ಬೈಯೋದಿಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡದಲ್ಲಿ. ಪಿಯುಸಿ ಸೈನ್ಸಿಗೆ ಬಂದಾಗ ಪಾಠವೆಲ್ಲ ಇಂಗ್ಲಿಷು. ‘ಫೋಟೋಸಿಂಥೆಸಿಸ್’ ಅಂದ್ರೆ ನಾನು ಬಾಯಿಪಾಠ ಮಾಡಿದ್ದ ದ್ಯುತಿಸಂಶ್ಲೇಷಣೆಯೇ ಅಂತ ಹೇಳೋಕೆ ಒಬ್ಬರೂ ಇರಲಿಲ್ಲ. ಸ್ಕಾಲರ್‌ಶಿಪ್ ಫಾರಂ ಬಂದಾಗ ಮಾತ್ರ ‘ಎಸ್ಸಿಗಳು ಎದ್ದು ನಿಂತ್ಕಳ್ರಪ್ಪ’ ಅಂತ ತಪ್ಪದೆ ಕರೀತಿದ್ರು. ನಾವು ಆರು ಜನ ನಿಂತೆವು. ಎರಡನೇ ವರ್ಷಕ್ಕೆ ಮೂವರೇ ಉಳಿದೆವು. ಬಿಟ್ಟುಹೋದ ಮೂವರಿಗೆ ಬುದ್ಧಿ ಕಡಿಮೆ ಇರಲಿಲ್ಲ. ಒಬ್ಬನಿಗೆ ಹಾಸ್ಟೆಲ್ ಸಿಗಲಿಲ್ಲ, ಒಬ್ಬಳಿಗೆ ಬಸ್ಸಿನ ಕಾಸು ಹುಟ್ಟಲಿಲ್ಲ, ಇನ್ನೊಬ್ಬನ ಅಪ್ಪ ಹಾಸಿಗೆ ಹಿಡಿದ.

ಗೆಳೆಯರೆ, ಒಂದು ಮಾತು ನೆನಪಿಡಿ. ನಮಗೆ ಇಳಿಸಿರೋದು ಒಳಗೆ ಬರೋ ಬಾಗಿಲಿನ ಅಂಕ ಮಾತ್ರ. ಡಿಗ್ರಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಪಾಸಾಗೋ ಅಂಕವೂ ಒಂದೇ. ಬಾಬಾಸಾಹೇಬರು 1907ರ ಮೆಟ್ರಿಕ್ ಪರೀಕ್ಷೆಯಲ್ಲಿ ತೆಗೆದದ್ದು 750ಕ್ಕೆ 282. ಇವತ್ತಿನ ಎಷ್ಟೋ ಕಾಲೇಜು ಆ ಹುಡುಗನಿಗೆ ಅರ್ಜಿ ಫಾರಮ್ಮನ್ನೂ ಕೊಡುತ್ತಿರಲಿಲ್ಲ. ಮುಂದೆ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಸಿಕ್ಕಿತು, ಗ್ರಂಥಾಲಯ ಸಿಕ್ಕಿತು, ಕಲಿಸೋ ಗುರುಗಳು ಸಿಕ್ಕರು. ಕೊಲಂಬಿಯಾದಿಂದಲೂ ಲಂಡನ್ನಿಂದಲೂ ಡಾಕ್ಟರೇಟ್ ಬಂತು. ಆ 282ರಲ್ಲಿ ಈ ಯಾವುದೂ ಬರೆದಿರಲಿಲ್ಲ.

ಆದ್ದರಿಂದ ಏರಿಸಿ ಅಂತ್ಲೂ ನಾನು ಹೇಳಲ್ಲ, ಇಳಿಸಿ ಅಂತ್ಲೂ ಬೇಡಲ್ಲ. ಬಾಗಿಲ ಹೊರಗೆ ಅಳೆಯೋ ಕೋಲನ್ನು ಒಳಗೂ ತನ್ನಿ. ಎಷ್ಟು ಅಂಕದವರನ್ನು ಸೇರಿಸಿಕೊಂಡಿರಿ ಅನ್ನೋದಲ್ಲ, ಸೇರಿದವರಲ್ಲಿ ಎಷ್ಟು ಜನರನ್ನು ದಡ ಮುಟ್ಟಿಸಿದಿರಿ ಅನ್ನೋದು ಕಾಲೇಜಿನ ಮಟ್ಟ. ಖಾಲಿ ಮೇಷ್ಟರ ಹುದ್ದೆ ತುಂಬಿ. ಸ್ಕಾಲರ್‌ಶಿಪ್ಪನ್ನು ವರ್ಷ ಮುಗಿದ ಮೇಲಲ್ಲ, ಶುರುವಿನಲ್ಲೇ ಕೊಡಿ. ಕನ್ನಡದಲ್ಲಿ ಓದಿ ಬಂದ ಮಗುವಿಗೆ ಮೊದಲ ಆರು ತಿಂಗಳು ಕನ್ನಡದಲ್ಲೂ ಬಿಡಿಸಿ ಹೇಳಿ.

ಹಳ್ಳಿಯ ಮೇಷ್ಟ್ರುಗಳಿಗೂ ಒಂದು ಮಾತು. ‘ನಿಂಗೇನ್ ಬಿಡೋ, ಸೀಟು ಹೆಂಗೂ ಸಿಗುತ್ತೆ’ ಅಂತ ನಮ್ಮ ಮಕ್ಕಳಿಗೆ ಹೇಳಬೇಡಿ. ಸೀಟು ಸಿಗೋದು ಕೂರೋದಕ್ಕಲ್ಲ, ಓದೋದಕ್ಕೆ. ಆ ಓದಿನ ಲೆಕ್ಕವನ್ನು ಇನ್ನು ಮುಂದೆ ನಾವು ಕೇಳ್ತೀವಿ.