ಹದಿನೈದಡಿಯ ಗೃಹಸ್ಥಾಶ್ರಮ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಮೊದಲು ನುಡಿದ ಹಿರಿಯರು ಯಾರೋ ತಿಳಿಯದು. ಆದರೆ ಅವರು ಬೆಂಗಳೂರಿನಲ್ಲಿ 30 ಅಡಿ ಅಗಲದ ನಿವೇಶನವೊಂದನ್ನು ಇಬ್ಬರು ಗಂಡುಮಕ್ಕಳಿಗೆ ಪಾಲು ಮಾಡಿಕೊಟ್ಟವರಲ್ಲವೆಂಬುದು ಮಾತ್ರ ಖಂಡಿತ. ಹಾಗೆ ಮಾಡಿದ್ದರೆ ಆ ಗಾದೆಗೆ ಮೂರನೆಯದೊಂದು ಮಾತು ಸೇರದೆ ಇರುತ್ತಿರಲಿಲ್ಲ.

1898ರ ಪ್ಲೇಗಿನ ಹಾವಳಿಯ ತರುವಾಯ ಊರಿಗೆ ಗಾಳಿ ಬೆಳಕು ಬೇಕೆಂಬ ಅರಿವು ಮೂಡಿ, ಬಸವನಗುಡಿ ಮಲ್ಲೇಶ್ವರಗಳಂಥ ಬಡಾವಣೆಗಳು ತಲೆಯೆತ್ತಿದವು. ಅಲ್ಲಿ ಮನೆಯ ಮುಂದೆ ಹೂವಿನ ಗಿಡ, ಹಿಂದೆ ತೆಂಗು, ನುಗ್ಗೆ. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂದಿತು. 1976ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಈ ನಡುವೆ ಜನರ ಬಾಯಲ್ಲಿ ‘ಥರ್ಟಿ ಫಾರ್ಟಿ ಸೈಟು’ ಎಂಬ ಮಾತು ಮಂತ್ರದಂತೆ ನೆಲೆಸಿತು. 30 ಅಡಿ ಅಗಲ, 40 ಅಡಿ ಉದ್ದ. ಗುಮಾಸ್ತೆಯ ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ, ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಕಡೆಗೆ ಹಂಚಿಕೆಯ ಪತ್ರ ಕೈಗೆ ಬಂದ ದಿನ ದೇವರ ಮುಂದಿಟ್ಟು ಕುಂಕುಮ ಹಚ್ಚಿದ ಗೃಹಸ್ಥರು ಆ ಊರಿನಲ್ಲಿ ಎಷ್ಟೋ ಮಂದಿ.

ಆ ಗೃಹಸ್ಥರ ಕಾಲಕ್ಕೆ ಸಮಸ್ಯೆಯಿರಲಿಲ್ಲ. ಸಮಸ್ಯೆ ಹುಟ್ಟುವುದು ಮಕ್ಕಳ ಕಾಲಕ್ಕೆ. ಇಬ್ಬರಿಗೂ ಮದುವೆಯಾಗಿದೆ, ಇಬ್ಬರಿಗೂ ಮಕ್ಕಳಿವೆ, ಒಂದೇ ಒಲೆಯಲ್ಲಿ ಬೇಳೆ ಬೇಯುವುದು ಕಷ್ಟವಾಗಿದೆ. ನಿವೇಶನವನ್ನು ಅಡ್ಡಲಾಗಿ ಸೀಳಿದರೆ ಹಿಂದಿನ ಪಾಲಿನವನಿಗೆ ರಸ್ತೆಯಿಲ್ಲ. ಆದುದರಿಂದ ಉದ್ದಕ್ಕೆ ಸೀಳಬೇಕು. ಒಬ್ಬೊಬ್ಬರಿಗೂ 15 ಅಡಿ ಅಗಲ, 40 ಅಡಿ ಉದ್ದ. ಒಟ್ಟು 600 ಚದರ ಅಡಿ. ಕಾಗದದ ಮೇಲೆ ಇದು ನ್ಯಾಯವಾದ ಪಾಲು. ನೆಲದ ಮೇಲೆ ಇದೊಂದು ಓಣಿ.

ಲೆಕ್ಕವನ್ನೊಮ್ಮೆ ನೋಡಬಹುದು. ಎರಡು ಪಕ್ಕಕ್ಕೂ ಮೂರು ಮೂರು ಅಡಿ ಜಾಗ ಬಿಟ್ಟರೆ 15ರಲ್ಲಿ ಉಳಿಯುವುದು 9. ಅದರಲ್ಲಿ ಒಂಬತ್ತಂಗುಲದ ಎರಡು ಗೋಡೆಗಳನ್ನು ಕಳೆದರೆ ಒಳಗೆ ದೊರೆಯುವುದು ಏಳೂವರೆ ಅಡಿ. ರೈಲಿನ ಡಬ್ಬಿಯೂ ಇದಕ್ಕಿಂತ ಅಗಲವಾಗಿರುತ್ತದೆ. ಬಿಡದೆ ಅಂಚಿನವರೆಗೂ ಕಟ್ಟಿದರೆ ಹದಿಮೂರೂವರೆ ಅಡಿ ದೊರೆಯುತ್ತದೆ. ಆದರೆ ಎರಡು ಉದ್ದನೆಯ ಗೋಡೆಗಳಲ್ಲಿಯೂ ಒಂದು ಕಿಟಕಿಗೂ ಎಡೆಯಿಲ್ಲ. ಮುಂಬಾಗಿಲಿನಿಂದ ಬಂದ ಬೆಳಕು ಹತ್ತು ಹನ್ನೆರಡು ಅಡಿ ನಡೆದು ಸುಸ್ತಾಗುತ್ತದೆ. ಹಿತ್ತಿಲಿನಿಂದ ಬಂದದ್ದೂ ಅಷ್ಟೆ. ನಡುವಿನ ಕೋಣೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕಬೇಕು.

ಆ ನಡುಕೋಣೆಯಲ್ಲಿ ವಾಸಿಸುವವರು ಯಾರು? ಮಕ್ಕಳು ಓದಿಕೊಳ್ಳಬೇಕಾದವರು, ಮಹಡಿಗೆ ಹೋಗುತ್ತಾರೆ. ಗಂಡಹೆಂಡಿರ ಕೋಣೆಯೂ ಮೇಲೆಯೇ. ಮಂಡಿನೋವಿನಿಂದ ಮೆಟ್ಟಲು ಹತ್ತಲಾರದ ವೃದ್ಧೆ ತಾಯಿ ಮಾತ್ರ ಕೆಳಗುಳಿಯುತ್ತಾಳೆ. ಆ ನಿವೇಶನದ ಕಂತು ಕಟ್ಟಲು ಕೈಬಳೆ ಬಿಚ್ಚಿಕೊಟ್ಟವಳು ಆಕೆಯೇ ಆಗಿರಬಹುದು. ಹೊತ್ತು ಮೂಡಿದ್ದೂ ಮುಳುಗಿದ್ದೂ ಗೊತ್ತಾಗದ ಕತ್ತಲ ಕೋಣೆ ಕಡೆಗೆ ಆಕೆಯ ಪಾಲಿಗೆ ಬರುತ್ತದೆ. ಕಿರಿದಾದ ನಿವೇಶನದ ನಕ್ಷೆಯನ್ನು ಪರೀಕ್ಷಿಸುವವರು ಮುಂಭಾಗದ ಅಂದಚಂದವನ್ನು ಆಮೇಲೆ ನೋಡಿದರೂ ನಡೆದೀತು; ಮನೆಯ ಹಿರಿಯರ ಹಾಸಿಗೆ ಎಲ್ಲಿ ಬೀಳುತ್ತದೆಂಬುದನ್ನು ಮೊದಲು ನೋಡಬೇಕು.

ಸಾಮಾನ್ಯವಾಗಿ ನಡೆಯುವ ಕಥೆ ಹೀಗೆ. ಅಣ್ಣ ಮೊದಲು ಕಟ್ಟುತ್ತಾನೆ. ತಮ್ಮನ ಪಾಲು ಇನ್ನೂ ಖಾಲಿ. ಆ ಕಡೆಗೆ ನಾಲ್ಕು ಕಿಟಕಿ ತೆರೆಯುತ್ತಾನೆ. ಹತ್ತು ವರ್ಷ ತಂಗಾಳಿ ಬೀಸುತ್ತದೆ. ಬಳಿಕ ತಮ್ಮನ ಕೈಯಲ್ಲಿ ನಾಲ್ಕು ಕಾಸು ಸೇರಿ, ಆತನೂ ಇಟ್ಟಿಗೆ ಇಳಿಸುತ್ತಾನೆ. ಕಿಟಕಿಯ ಸರಳಿಗೆ ಮೂರಂಗುಲ ದೂರದಲ್ಲಿ ಹೊಸ ಗೋಡೆ ಏಳುತ್ತದೆ. “ಏನೋ, ನನ್ನ ಮನೆಗೆ ಕತ್ತಲೆ ತಂದೆಯಲ್ಲೋ?” ಎಂದು ಅಣ್ಣ, “ನನ್ನ ಜಾಗದಲ್ಲಿ ನಾನು ಕಟ್ಟಬಾರದೇನಣ್ಣಾ?” ಎಂದು ತಮ್ಮ. ಇಬ್ಬರದೂ ಸರಿಯಾದ ಮಾತೇ. 1882ರ ಈಸ್‌ಮೆಂಟ್ ಕಾಯಿದೆ ಕಿಟಕಿಯ ಬೆಳಕಿಗೂ ಗಾಳಿಗೂ ಹಕ್ಕು ಹುಟ್ಟಲು 20 ವರ್ಷಗಳ ಎಡೆಬಿಡದ ಅನುಭೋಗ ಬೇಕೆಂದು ಹೇಳುತ್ತದೆ. ಅಷ್ಟು ವರ್ಷ ಕಾದು ಮನೆ ಕಟ್ಟುವ ತಮ್ಮನೂ ಇಲ್ಲ, ಆ ಬೆಳಕಿಗಾಗಿ ನ್ಯಾಯಾಲಯದ ಮೆಟ್ಟಲು ಹತ್ತಿ ಸುಖಪಟ್ಟ ಅಣ್ಣನೂ ಇಲ್ಲ.

ಈ ತೊಡಕಿಗೆ ಪರಿಹಾರ ಹೊಸದಾಗಿ ಹುಟ್ಟಬೇಕಾಗಿಲ್ಲ. ಹಳೆಯ ಮೈಸೂರು ಸೀಮೆಯ ತೊಟ್ಟಿಯ ಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ಚೌಕವಿತ್ತು. ಸುತ್ತಲೂ ಜಗಲಿ, ಜಗಲಿಗೆ ಸೇರಿದಂತೆ ಕೋಣೆಗಳು. ತೊಟ್ಟಿಗೆ ಅನುಕೂಲವಿಲ್ಲದ ಬಡವರ ಮನೆಯಲ್ಲಿಯೂ ಮಾಡಿನಲ್ಲೊಂದು ಗವಾಕ್ಷಿಯಿರುತ್ತಿತ್ತು. ದೂರದ ಜಪಾನಿನ ಒಸಾಕಾ ನಗರದಲ್ಲಿಯೂ ಇಂಥದೇ ವಿಚಾರ ನಡೆಯಿತು. ಅಲ್ಲಿ ತಡಾವೊ ಆಂಡೊ ಎಂಬ ವಾಸ್ತುಶಿಲ್ಪಿಯು 1976ರಲ್ಲಿ ಸುಮಿಯೋಶಿ ಎಂಬ ಕಡೆ, ಸಾಲುಮನೆಗಳ ನಡುವೆ ಸಿಕ್ಕಿದ ಇಕ್ಕಟ್ಟಿನ ನೆಲದಲ್ಲಿ ಒಂದು ಮನೆ ಕಟ್ಟಿದನು. ಆ ಮನೆಯ ಅಗಲ 12 ಅಡಿಯನ್ನೂ ಮುಟ್ಟದು. ಆದರೂ ಆತನು ಅದನ್ನು ಮೂರು ಪಾಲು ಮಾಡಿ ನಡುವಿನ ಪಾಲನ್ನು ಸಂಪೂರ್ಣವಾಗಿ ಆಕಾಶಕ್ಕೆ ಬಿಟ್ಟನು. ಮಳೆಗಾಲದಲ್ಲಿ ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಲು ಕೊಡೆ ಹಿಡಿಯಬೇಕೆಂದು ಜನ ನಕ್ಕದ್ದೂ ಉಂಟು. ಆತನ ಹೆಸರು ಜಗತ್ತಿಗೆ ತಿಳಿದದ್ದು ಅದೇ ಮನೆಯಿಂದ. ಕೊಡೆ ಹಿಡಿದು ಬಚ್ಚಲಿಗೆ ನಡೆಯಬೇಕೆಂದು ನಮ್ಮ ಅಜ್ಜಿಯಂದಿರಿಗೆ ಹೇಳುವ ಧೈರ್ಯ ಯಾರಿಗೂ ಬೇಡ. ಆದರೆ ಜಾಗ ಕಿರಿದಾದಷ್ಟೂ ನಡುವೆ ಬಯಲು ಬೇಕೆಂಬ ಪಾಠವನ್ನು ಕಲಿಯಬಹುದು.

ಆ ಪಾಠವನ್ನು ಹದಿನೈದಡಿಯ ಪಾಲುಗಳಿಗೆ ಅನ್ವಯಿಸುವ ಬಗೆ ಇದು. ನಿವೇಶನ ಪೂರ್ವಾಭಿಮುಖವೆಂದು ಇಟ್ಟುಕೊಳ್ಳಬಹುದು. ಉತ್ತರದ ಪಾಲು ಅಣ್ಣನದು, ದಕ್ಷಿಣದ್ದು ತಮ್ಮನದು. ಇಬ್ಬರೂ ಮುಂದೆ 4 ಅಡಿ, ಹಿಂದೆ 3 ಅಡಿ ಬಿಟ್ಟರೆ ಕಟ್ಟಲು 33 ಅಡಿ ಉದ್ದ ಸಿಕ್ಕುತ್ತದೆ. ಗೋಡೆಗಳ ದಪ್ಪ ಕಳೆದರೆ ಹೆಚ್ಚುಕಡಿಮೆ 31. ಅದರಲ್ಲಿ ಮುಂದಿನ 10 ಅಡಿ ಹಜಾರ. ಹಿಂದಿನ 11 ಅಡಿಯಲ್ಲಿ ಅಡುಗೆಮನೆ ಮತ್ತು ಹಿರಿಯರ ಕೋಣೆ. ನಡುವೆ ಉಳಿದ 10 ಅಡಿಯೇ ಇಡೀ ಮನೆಯ ಜೀವಾಳ. ಅಲ್ಲಿ ಅಣ್ಣನು ತಮ್ಮನ ಗಡಿಗೆ ಹೊಂದಿದಂತೆ 5 ಅಡಿ ಅಗಲ ಬಯಲು ಬಿಡಬೇಕು. ತಮ್ಮನು ಅಣ್ಣನ ಗಡಿಗೆ ಹೊಂದಿದಂತೆ ಅದೇ ನೇರದಲ್ಲಿ ಅಷ್ಟೇ ಬಿಡಬೇಕು. ಎರಡು ಅರ್ಧಗಳೂ ಕೂಡಿ ಹತ್ತಡಿ ಉದ್ದಗಲದ ಒಂದು ತೊಟ್ಟಿಯಾಯಿತು. ನಡುವೆ ಎದೆಮಟ್ಟದ ಮೋಟುಗೋಡೆ, ಅದಕ್ಕೊಂದು ದಿಡ್ಡಿ ಬಾಗಿಲು.

ಇದನ್ನು ಕೇಳಿದೊಡನೆ ಮೇಸ್ತ್ರಿಯ ಮುಖ ಸಪ್ಪಗಾಗುತ್ತದೆ. “ಮಹಡಿಯದೂ ಸೇರಿದರೆ ಒಂದು ರೂಮೇ ಹೋಯಿತಲ್ಲ, ಸ್ವಾಮಿ!” ಎನ್ನುತ್ತಾನೆ. ಆತನ ಲೆಕ್ಕ ಸುಳ್ಳಲ್ಲ. ಒಂದೊಂದು ಅಂತಸ್ತಿಗೆ 50 ಚದರ ಅಡಿ, ನೆಲದ ಹನ್ನೆರಡರಲ್ಲಿ ಒಂದು ಪಾಲು ಹೋಯಿತು. ಆದರೆ ಹೋದ ಕೋಣೆಯೊಂದು. ಕಣ್ಣು ಬಂದ ಕೋಣೆಗಳು ಎಷ್ಟೋ. ಹಜಾರದ ಹಿಂಗೋಡೆಗೆ ಕಿಟಕಿ ಬಂದಿತು, ಮೆಟ್ಟಲಿಗೆ ಬೆಳಕು ಬಂದಿತು, ತಾಯಿಯ ಕೋಣೆಗೆ ಮೂಡಲ ಕಿಟಕಿ ಬಂದಿತು, ಮಹಡಿಯ ಎರಡು ಕೋಣೆಗಳಿಗೂ ಎದುರು ಬದುರು ಗಾಳಿ ಬಂದಿತು.

ಸೂರ್ಯನ ಲೆಕ್ಕ ಮೇಸ್ತ್ರಿಯ ಲೆಕ್ಕಕ್ಕಿಂತ ಸೂಕ್ಷ್ಮವಾದದ್ದು. ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯನು ನೇರವಾಗಿ ನಿಲ್ಲುವುದು ವರ್ಷಕ್ಕೆರಡು ಬಾರಿ, ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ. ಆಗ ನಡುಹಗಲಿನ ಬಿಸಿಲು ತೊಟ್ಟಿಯ ನೆಲವನ್ನೇ ಮುಟ್ಟುತ್ತದೆ. ಡಿಸೆಂಬರಿನಲ್ಲಿ ಆತನು ದಕ್ಷಿಣಕ್ಕೆ ವಾಲಿ, ನಡುಹಗಲಿನಲ್ಲಿಯೂ ಸುಮಾರು 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಅಣ್ಣನೊಬ್ಬನೇ ಐದಡಿಯ ಬಯಲು ಬಿಟ್ಟು, ತಮ್ಮನು ಗಡಿಯವರೆಗೂ ಎರಡಂತಸ್ತು ಎಬ್ಬಿಸಿದರೆ, ಆ ಬಿಸಿಲು ಮೇಲಿನಿಂದ ಏಳಡಿಯೂ ಇಳಿಯದು. ಇಬ್ಬರ ಬಯಲೂ ಕೂಡಿ ಹತ್ತಡಿಯಾದರೆ ಹದಿಮೂರು ಅಡಿಗೂ ಮಿಕ್ಕಿ ಇಳಿಯುತ್ತದೆ. ಮಹಡಿಯ ಗೋಡೆಯನ್ನು ಪೂರ್ತಿ ತೊಳೆದು, ಕೆಳಗಿನ ಕಿಟಕಿಗಳ ನೆತ್ತಿಯವರೆಗೆ ಬರುತ್ತದೆ.

ಇಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಚಳಿಗಾಲದ ಬಿಸಿಲು ಬೀಳುವುದು ಉತ್ತರದಲ್ಲಿರುವ ಅಣ್ಣನ ಗೋಡೆಯ ಮೇಲೆ. ಅಲ್ಲಿಂದ ಚಿಮ್ಮಿದ ಬೆಳಕು ಸೇರುವುದು ತಮ್ಮನ ಕಿಟಕಿಯನ್ನು. ಅಣ್ಣನು ತನ್ನ ಗೋಡೆಗೆ ಬಿಳಿಯ ಸುಣ್ಣ ಹೊಡೆಸಿದರೆ ತಮ್ಮನ ಮನೆ ಬೆಳಗುತ್ತದೆ. ಪಾಚಿ ಹಿಡಿಯಲು ಬಿಟ್ಟರೆ ತಮ್ಮನ ಮನೆ ಮಂಕಾಗುತ್ತದೆ. ತಮ್ಮನು ತನ್ನ ತಾರಸಿಯ ಮೇಲೆ ತಗಡಿನ ಮಾಡು ಎತ್ತಿದರೆ ಅಣ್ಣನ ಬಿಸಿಲು ಹೋಯಿತು. ಪಾಲಾದ ಮೇಲೆಯೂ ಒಬ್ಬರ ಮನೆಯ ಸ್ವಿಚ್ಚು ಇನ್ನೊಬ್ಬರ ಗೋಡೆಯಲ್ಲಿ ಉಳಿದಂತೆ.

ಉಳಿದ ವಿವರಗಳು ಗೃಹಿಣಿಯ ವಿವೇಕಕ್ಕೆ ಸೇರಿದವು. ಎರಡು ಮಡಿಕೆಯ ಮೆಟ್ಟಲಿಗೆ ಆರಡಿ ಅಗಲ ಬೇಕು. ತೊಟ್ಟಿಯ ಪಕ್ಕದಲ್ಲಿ ಅದನ್ನಿಟ್ಟರೆ ಓಡಾಡಲು ಮೂರಡಿಯಷ್ಟು ಹಾದಿ ಉಳಿಯುತ್ತದೆ. ಮೆಟ್ಟಲಿನ ಕೆಳಗೆ ಅಕ್ಕಿಯ ಡಬ್ಬ, ಮೇಲೆ ಬಾಗಿಲಿನ ನೆತ್ತಿಗೆ ಅಟ್ಟ. ಮೂರಡಿಯ ಬಾಗಿಲು ತೆರೆದುಕೊಳ್ಳಲು ಕೋಣೆಯ ನೆಲವನ್ನು ನುಂಗುತ್ತದೆ. ಆದುದರಿಂದ ಗೋಡೆಯ ಪಕ್ಕಕ್ಕೆ ಸರಿಯುವ ಬಾಗಿಲು ಒಳ್ಳೆಯದು. ತಾಯಿಯ ಕೋಣೆ ಏಳಡಿ ಚದರ ಸಾಕು, ಆದರೆ ಬಚ್ಚಲು ಅದಕ್ಕೆ ಅಂಟಿಕೊಂಡಿರಬೇಕು. ಹೊಸಿಲು ಎಡವುವಂತಿರಬಾರದು, ಕೈಯೂರಲು ಗೋಡೆಗೊಂದು ಸರಳಿರಬೇಕು. ಒಗ್ಗರಣೆಯ ಘಾಟು ಹಿತ್ತಿಲ ಕಡೆಗೆ ಹೋಗಲಿ, ತೊಟ್ಟಿಗೆ ಬೇಡ. ಓರಗಿತ್ತಿಯರಲ್ಲಿ ಅರ್ಧ ಜಗಳ ಹುಟ್ಟುವುದು ಘಾಟಿನಿಂದ. ಮಿಕ್ಕರ್ಧ ಹುಟ್ಟುವುದು ಮಾತು ಕೇಳಿಸುವುದರಿಂದ. ಕಿಟಕಿಗಳನ್ನು ಎದುರು ಬದುರು ಇಡದೆ ಅತ್ತಿತ್ತ ಸರಿಸಿ ಇಡಬೇಕು. ಒಂದಂಗುಲ ಮಳೆ ಬಿದ್ದರೆ ಆ ತೊಟ್ಟಿಗೆ ಇಳಿಯುವ ನೀರು ಸುಮಾರು 235 ಲೀಟರು. ಅದು ಹೋಗುವ ಕೊಳವೆಯನ್ನು ನೆಲ ಹಾಸುವ ಮೊದಲೇ ಹೂಳಬೇಕು. ಮೇಲೆ ಕಬ್ಬಿಣದ ಜಾಲರಿ ಹಾಕಿದರೆ ಕಳ್ಳನ ಭಯವಿಲ್ಲ. ನಗರಾಡಳಿತದ ನಿಯಮದಲ್ಲಿ ಎಷ್ಟು ಜಾಗ ಬಿಡಬೇಕೆಂದಿದೆಯೆಂಬುದನ್ನು ನಕ್ಷೆ ಬರೆಯುವ ಮೊದಲು ನೋಡಬೇಕೇ ಹೊರತು ಗೋಡೆ ಎದ್ದ ಮೇಲಲ್ಲ.

ವಾಸ್ತು ನೋಡುವ ಜೋಯಿಸರು ತಮ್ಮನ ಅಡುಗೆಮನೆ ನೈರುತ್ಯಕ್ಕೆ ಬಂದಿತೆಂದು ಹುಬ್ಬುಗಂಟಿಕ್ಕಬಹುದು. ಅವರಿಗೊಂದು ಸಮಾಧಾನವುಂಟು. ಮನೆಯ ನಟ್ಟನಡುವಿನ ಬ್ರಹ್ಮಸ್ಥಾನ ಬಯಲಾಗಿರಬೇಕೆಂಬುದು ಅವರ ಶಾಸ್ತ್ರದ ಮಾತು. ಈ ತೊಟ್ಟಿಯನ್ನು ನೂಲು ಹಿಡಿದು ಅಳೆದರೆ, ರಸ್ತೆಯ ಅಂಚಿನಿಂದ ಹದಿನೈದಡಿ, ಹಿಂದಿನ ಅಂಚಿನಿಂದ ಹದಿನೈದಡಿ, ಎರಡು ಪಕ್ಕಗಳಿಂದಲೂ ಹತ್ತು ಹತ್ತು ಅಡಿ. ತಂದೆ ಕೊಂಡ ನಿವೇಶನದ ನಡು ಎಲ್ಲಿತ್ತೋ ಅಲ್ಲಿಯೇ ಇದೆ. ಪಾಲಿನ ಗೆರೆ ಅದರ ಮೇಲೆ ಹಾದುಹೋಗಿದೆ, ಅಷ್ಟೆ.

ಇಷ್ಟನ್ನೂ ಬಾಯಿಮಾತಿಗೆ ಬಿಡುವುದು ತರವಲ್ಲ. ಅಣ್ಣತಮ್ಮಂದಿರು ಎಷ್ಟೇ ಒಂದಾಗಿದ್ದರೂ ಅವರ ಮಕ್ಕಳು ಹೇಗೋ, ಮಕ್ಕಳಿಂದ ಕೊಳ್ಳುವವರು ಹೇಗೋ. ನಡುವಿನ ಹತ್ತಡಿ ಚೌಕವನ್ನು ಇಬ್ಬರಲ್ಲಿ ಯಾರೂ ಮುಚ್ಚತಕ್ಕದ್ದಲ್ಲ, ಮೇಲೆ ಮಾಡು ಹಾಕತಕ್ಕದ್ದಲ್ಲ ಎಂಬ ಷರತ್ತನ್ನು ವಿಭಾಗ ಪತ್ರದಲ್ಲಿಯೇ ಅಳತೆ ಸಮೇತ ಬರೆಸಿ ನೋಂದಾಯಿಸಬೇಕು. ಅಣ್ಣ ಈ ವರ್ಷ ಕಟ್ಟಿ ತಮ್ಮ ಹತ್ತು ವರ್ಷ ಬಿಟ್ಟು ಕಟ್ಟುವುದಾದರೂ ಎರಡು ಮನೆಗಳ ನಕ್ಷೆಯನ್ನು ಒಂದೇ ಹಾಳೆಯ ಮೇಲೆ, ಒಂದೇ ದಿನ ಬರೆಸಬೇಕು. ಹಾಗೆ ಬರೆಸಲು ಇಬ್ಬರೂ ಒಂದು ಸಂಜೆ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳಬೇಕಾಗುತ್ತದೆ. ಇಡೀ ಕಟ್ಟಡದಲ್ಲಿ ಬಹುಶಃ ಅತ್ಯಂತ ಕಷ್ಟದ ಕೆಲಸ ಅದೇ. ತಾಯಿಯು ಬದುಕಿರುವಾಗಲೇ ಅದನ್ನು ಮುಗಿಸಿಕೊಳ್ಳುವುದು ಮೇಲು. ಆ ಮೇಜಿನ ಬಳಿಗೆ ಇಬ್ಬರನ್ನೂ ಕೂಗಿ ಕರೆಯಬಲ್ಲವಳು ಆಕೆಯೊಬ್ಬಳೇ.