ಅಡುಗೆಮನೆಗೆ ಬಾರದ ವೈಫೈ

ಹಳೆ ಕನೆಕ್ಷನ್ ಬಿಟ್ಟು ಹೊಸ ಕಂಪೆನಿಯ ಫೈಬರ್ ಹಾಕಿಸಿದವರು ಒಂದೇ ಮಾತು ಹೇಳುವುದನ್ನು ಈಚೆಗೆ ತುಂಬ ಕೇಳಿದ್ದೇನೆ: "ಸ್ಪೀಡ್ ಉಂಟು, ಆದರೆ ಒಳಗೆ ಬರುವುದಿಲ್ಲ." ಉಳ್ಳಾಲದ ನೆಂಟರ ಮನೆಯಲ್ಲೂ ಇದೇ ದೂರು. ನಮ್ಮ ಮನೆಯಲ್ಲೂ ಇದೇ. ನಾವಿರುವುದು ಮಾತ್ರ ಅಲ್ಲಿಂದ ಬಹಳ ದೂರ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಮಿರಜ ತಾಲೂಕಿನ ಸಲಗರೆಯಲ್ಲಿ. ಉಪ್ಪ ಇಲ್ಲಿ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕುಪವಾಡದ ಎಂಐಡಿಸಿಯಲ್ಲಿ ಮೇಂಟೆನೆನ್ಸ್ ಕೆಲಸಕ್ಕಿದ್ದೇನೆ, ದಿನಾ ಬೈಕಿನಲ್ಲಿ ಹೋಗಿ ಬರುತ್ತೇನೆ.

ಊರಿನಲ್ಲಿ ಬ್ಯಾರಿ ಮನೆ ನಮ್ಮದೊಂದೇ. ಗಿರಾಕಿಗಳ ಜೊತೆ ಮರಾಠಿ ಬೆರೆತ ಈ ಕಡೆಯ ಕನ್ನಡ, ಮಸೀದಿಯಲ್ಲಿ ದಖನಿ, ಮಗಳಿಗೆ ಶಾಲೆಯಲ್ಲಿ ಮರಾಠಿ. "ನಿಮ್ಮ ಮನೀ ಭಾಷಾ ಯಾವುದ್ರಿ ಮಾಮಾ, ಮಲಯಾಳಿ ಏನ್ರಿ?" ಎಂದು ಈಗಲೂ ಕೇಳುತ್ತಾರೆ. ಉಪ್ಪನ ಹತ್ತಿರ ಅದಕ್ಕೊಂದು ಉತ್ತರ ಸಿದ್ಧವಿದೆ: "ನಿಮ್ಮ ಮರಾಠಿ ‘ದೇವೂಳ್’ ಸಿನೆಮಾ ಗೊತ್ತಲ್ಲ? 2011ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಅದರ ಜೊತೆ ಹಂಚಿಕೊಂಡದ್ದು ‘ಬ್ಯಾರಿ’. ಅದು ನಮ್ಮ ಭಾಷೆ." ಎಲ್ಲರೂ ತಲೆ ಆಡಿಸುತ್ತಾರೆ, ಒಂದು ವಾರ ಬಿಟ್ಟು ಅದೇ ಪ್ರಶ್ನೆ ಕೇಳುತ್ತಾರೆ.

ಉಮ್ಮನಿಗೆ ಹೊಟ್ಟೆ ತುಂಬ ಬ್ಯಾರಿ ಮಾತಾಡಲು ಸಿಗುವುದು ದಿನಕ್ಕೆ ಒಂದೇ ಸಲ. ಮಗ್ರಿಬ್ ಆದ ಮೇಲೆ, ಅಡುಗೆಮನೆಯಲ್ಲಿ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟು, ಉಳ್ಳಾಲದಲ್ಲಿರುವ ಅಕ್ಕನ ಜೊತೆ ವೀಡಿಯೊ ಕಾಲ್. ದೊಡ್ಡಮ್ಮ ಸೊಂಟದ ಮೂಳೆ ಮುರಿದು ಮಲಗಿ ಎರಡು ವರ್ಷವಾಯಿತು. ಪುಣೆಯಿಂದ ಎರ್ನಾಕುಲಂಗೆ ಹೋಗುವ ಪೂರ್ಣಾ ಎಕ್ಸ್‌ಪ್ರೆಸ್ ಮಿರಜದ ಮೇಲೆಯೇ ಹೋಗುತ್ತದೆ. ಆದರೆ ಅದು ವಾರಕ್ಕೊಮ್ಮೆ, ಉಮ್ಮನ ಮೊಣಕಾಲಿಗೆ ರೈಲಿನ ಮೆಟ್ಟಿಲೂ ಕಷ್ಟ. ಹಾಗಾಗಿ ಭೇಟಿ ಎಂದರೆ ಈ ಕಾಲೇ. ನನ್ನ ಆರು ವರ್ಷದ ಮಗಳು ಪಕ್ಕದಲ್ಲಿ ಕೂತು ಎಲ್ಲ ಕೇಳುತ್ತಾಳೆ, ನಡುವೆ ಬಾಯಿ ಹಾಕುತ್ತಾಳೆ. ನನಗೂ ಹೆಂಡತಿಗೂ ಮನೆಯಲ್ಲಿ ಬ್ಯಾರಿಯ ನಡುವೆ ಅರ್ಧ ಹಿಂದಿ ಬಂದುಬಿಡುತ್ತದೆ. ಅವಳಿಗೆ ಸರಿಯಾದ ಬ್ಯಾರಿ ಕಿವಿಗೆ ಬೀಳುವುದು ಅಡುಗೆಮನೆಯ ಆ ಮುಕ್ಕಾಲು ಗಂಟೆಯಲ್ಲಿ.

ಹಳೆ ಕನೆಕ್ಷನ್ ನಿಧಾನದ್ದೇ. ಆದರೆ ಅದರ ರೂಟರ್ ನಡುಮನೆಯ ಅಟ್ಟದ ಮೇಲೆ ಇತ್ತು, ಅಡುಗೆಮನೆಯ ಬಾಗಿಲಿಗೆ ನೇರವಾಗಿ. ಹೊಸ ಕಂಪೆನಿಯ ಹುಡುಗ ಬಂದದ್ದು ನಾನು ಡ್ಯೂಟಿಯಲ್ಲಿದ್ದಾಗ. ಕಂಬದಿಂದ ವೈರು ಅಂಗಡಿಯ ಮುಂದೆ ಇಳಿಯುತ್ತದೆ, ಗಲ್ಲದ ಮೇಲೆ ಪ್ಲಗ್ ಉಂಟು, ಅಲ್ಲೇ ಎರಡು ಮೊಳೆ ಹೊಡೆದು ಡಬ್ಬಿ ಕೂರಿಸಿದ. ಉಪ್ಪನ ಮೊಬೈಲಿನಲ್ಲಿ ಸ್ಪೀಡ್ ತೋರಿಸಿದ: 94. "ಬೆಸ್ಟ್ ಐತ್ರಿ ಮಾಮಾ." ಸಹಿ ಹಾಕಿಸಿಕೊಂಡು ಹೋದ. ಒಳಗೆ ಯಾರು ಎಲ್ಲಿ ಕೂತು ಫೋನು ನೋಡುತ್ತಾರೆ ಎಂದು ಅವನು ಕೇಳಲಿಲ್ಲ. ಕೇಳುವ ಪದ್ಧತಿಯೇ ಇಲ್ಲ. ಮುಂದೆ ಕೂತಿರುವ ಗಂಡಸಿನ ಮೊಬೈಲಿಗೆ ಬಂದರೆ ಮನೆಗೆ ಬಂದ ಹಾಗೆ.

ಆ ಸಂಜೆ ಒಳಗಿನಿಂದ ಉಮ್ಮನ ದನಿ: "ನೆಟ್ ಇಲ್ಲೆ."

"ಹಾಲಿಗೆ ಬಂದು ಕೂತುಕೊಳ್ಳಿ" ಎಂದು ಹೇಳುವುದು ಸುಲಭ. ನಮ್ಮ ಮನೆಗಳು ಹೇಗಿರುತ್ತವೆ ಎಂದು ನಿಮಗೆ ಗೊತ್ತು. ಸಂಜೆ ಹೊತ್ತು ಹಾಲಿನಲ್ಲಿ ಉಪ್ಪನ ಸ್ನೇಹಿತರು, ಹೋಲ್‌ಸೇಲಿನವರು, ಬಾಕಿ ಕೊಡಲು ಬಂದವರು. ಅಲ್ಲಿ ಕೂತು ಉಮ್ಮ ಅಕ್ಕನ ಹತ್ತಿರ ಮನಸ್ಸಿನ ಮಾತು ಆಡುವುದುಂಟೇ? ದೊಡ್ಡಮ್ಮನೂ ಹಾಸಿಗೆಯಲ್ಲಿ ತಲೆಗೆ ಬಟ್ಟೆ ಇಲ್ಲದೆ ಮಲಗಿರುತ್ತಾರೆ. ಎರಡು ದಿನ ಪ್ರಯತ್ನಪಟ್ಟರು, ಆಮೇಲೆ ಬರೀ ಮಾತಿನ ಕಾಲ್, ಅದೂ ಐದು ನಿಮಿಷ. ಐದನೇ ವಾರಕ್ಕೆ ಮಗಳು ಅಜ್ಜಿಗೂ ಹಿಂದಿಯಲ್ಲೇ ಉತ್ತರ ಕೊಡಲು ಶುರುಮಾಡಿದ್ದಳು.

ಕಂಪೆನಿಗೆ ಕಂಪ್ಲೇಂಟ್ ಕೊಟ್ಟೆವು. ಎರಡು ಸಲವೂ "ಲೈನ್ ಸರಿ ಇದೆ" ಎಂದು ಮುಚ್ಚಿದರು. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಫೈಬರ್ ಎಂದರೆ ಗಾಜಿನ ಎಳೆಯಲ್ಲಿ ಬೆಳಕು, ಎಷ್ಟು ಕಿಲೋಮೀಟರ್ ಬೇಕಾದರೂ ಬರುತ್ತದೆ. ಡಬ್ಬಿಯಿಂದ ನಮ್ಮ ಕೈಗೆ ಬರುವ ಕೊನೆಯ ಮೂವತ್ತು ಅಡಿ ಮಾತ್ರ ರೇಡಿಯೊ. ಕಷ್ಟವೆಲ್ಲ ಆ ಮೂವತ್ತು ಅಡಿಯದ್ದು. ಈ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪಿನಿಂದ ಹಂತ ಹಂತವಾಗಿ ಎತ್ತಿ ಪೂರ್ವದ ಒಣ ನೆಲಕ್ಕೆ ಬಿಡುತ್ತಾರೆ. ಪಂಪ್‌ಹೌಸಿನಲ್ಲಿ ಎಷ್ಟು ಎತ್ತಿದರು ಎನ್ನುವುದು ಪೇಪರಿನ ಸುದ್ದಿ, ಕಾಲುವೆಯ ಕೊನೆಯ ಹೊಲದವನು ಕೇಳುವುದು ನನ್ನ ಪಾಲಿನದು ಬಂತೇ ಎಂದು. ನಮ್ಮ ಅಡುಗೆಮನೆ ಆ ಕೊನೆಯ ಹೊಲ.

ರಜೆಯ ದಿನ ಸಿಗ್ನಲ್ ತೋರಿಸುವ ಒಂದು ಉಚಿತ ಆ್ಯಪ್ ಹಾಕಿಕೊಂಡು ಮನೆಯೆಲ್ಲ ತಿರುಗಿದೆ. ಅದು ಡೆಸಿಬೆಲ್‌ನಲ್ಲಿ ಮೈನಸ್ ಅಂಕಿ ತೋರಿಸುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು, ಮೈನಸ್ 67ರ ಈಚೆ ಇದ್ದರೆ ವೀಡಿಯೊ ಕಾಲ್ ಚೆನ್ನಾಗಿ ನಡೆಯುತ್ತದೆ, 80 ದಾಟಿದರೆ ಆಸೆ ಬಿಡಬೇಕು. ಗಲ್ಲದ ಹತ್ತಿರ ಮೈನಸ್ 38. ಹಾಲಿನ ಹಿಂಗೋಡೆಯ ಈಚೆ 62. ಅದೇ ಗೋಡೆಯ ಆಚೆ 80. ಅಡುಗೆಮನೆಯಲ್ಲಿ 88. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. 18 ಎಂದರೆ ಆರು ಸಲ ಅರ್ಧ, ಅಂದರೆ 64ರಲ್ಲಿ ಒಂದು ಪಾಲು. ಒಂದೇ ಗೋಡೆ ಅಷ್ಟನ್ನೂ ನುಂಗಿತ್ತು.

ಗೋಡೆಯೂ ಅಂಥದ್ದೇ. ನಮ್ಮ ಕರಾವಳಿಯಲ್ಲಿ ಕೆಂಪುಕಲ್ಲು, ಇಲ್ಲಿಯ ಹಳೆ ಮನೆಗಳಿಗೆ ಕರಿಕಲ್ಲು ಮತ್ತು ಮಣ್ಣು, ಎರಡಡಿ ದಪ್ಪ. ಬೇಸಿಗೆಯಲ್ಲಿ ತಂಪು, ಅದರ ಉಪಕಾರ ಮರೆಯುವ ಹಾಗಿಲ್ಲ. ಅದಕ್ಕೆ ಒರಗಿ ಕಬ್ಬಿಣದ ಕಪಾಟು. ಲೋಹಕ್ಕೆ ತಾಗಿದ ಅಲೆ ಹಿಂದಕ್ಕೇ ತಿರುಗುತ್ತದೆ. ಡಬ್ಬಿಯಲ್ಲಿ ಎರಡು ಬ್ಯಾಂಡ್ ಇರುತ್ತವೆ. 5 ಗಿಗಾಹರ್ಟ್ಸ್‌ನದು ವೇಗ ಹೆಚ್ಚು, ಅಲೆ ಸುಮಾರು 6 ಸೆಂಟಿಮೀಟರ್, ಗೋಡೆ ಕಂಡರೆ ಸೋಲುತ್ತದೆ. 2.4ರದು ಸುಮಾರು 12 ಸೆಂಟಿಮೀಟರ್, ನಿಧಾನ, ಆದರೆ ಗೋಡೆ ದಾಟುವ ತಾಕತ್ತು ಸ್ವಲ್ಪ ಜಾಸ್ತಿ. ಹುಡುಗ ತೋರಿಸಿದ 94 ಮೊದಲನೆಯದರದು. ನಾನು ಅಳೆದದ್ದು ಎರಡನೆಯದರಲ್ಲಿ. ಅದೂ ಈ ಗೋಡೆಗೆ ಸೋತಿತ್ತು.

ಮಿರಜದ ಅಂಗಡಿಯವನು ರಿಪೀಟರ್ ತೋರಿಸಿದ, ಆಮೇಲೆ ಮೂರು ಡಬ್ಬಿಯ ದುಬಾರಿ ಮೆಶ್ ಸೆಟ್. ರಿಪೀಟರ್ ತನಗೆ ಕೇಳಿಸಿದ್ದನ್ನೇ ಮತ್ತೆ ಕೂಗುವ ಯಂತ್ರ, ಅಡುಗೆಮನೆಯಲ್ಲಿಟ್ಟರೆ ಅದಕ್ಕೇ ಏನೂ ಕೇಳಿಸುವುದಿಲ್ಲ. ಮೆಶ್ ಡಬ್ಬಿಗಳು ಒಂದರೊಡನೊಂದು ಗಾಳಿಯಲ್ಲೇ ಮಾತಾಡಿದರೆ ದಾಟಬೇಕಾದದ್ದು ಅದೇ ಕರಿಕಲ್ಲು. ತೆಳು ಇಟ್ಟಿಗೆ ಗೋಡೆಯ ಫ್ಲಾಟಿಗೆ ಅದು ಸರಿ. ದಪ್ಪ ಗೋಡೆಯ ಮನೆಗೆ ವೈರೇ ಮದ್ದು, ನನ್ನ ಅಭಿಪ್ರಾಯ ಇಷ್ಟೇ.

ಹಳೆ ರೂಟರ್ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅದನ್ನು ಇಳಿಸಿದೆ. 25 ಮೀಟರ್ ಲ್ಯಾನ್ ಕೇಬಲ್ ತಂದೆ (100 ಮೀಟರ್‌ವರೆಗೆ ತೊಂದರೆ ಇಲ್ಲ). ಕರಿಕಲ್ಲಿಗೆ ಡ್ರಿಲ್ ಹಿಡಿದರೆ ಬಿಟ್ ಹೋಗುತ್ತದೆ, ಕಲ್ಲು ಹೋಗುವುದಿಲ್ಲ. ಎರಡು ಕಲ್ಲುಗಳ ನಡುವಿನ ಮಣ್ಣಿನ ಸಂದು ಹುಡುಕಿ ಪ್ಲಂಬರನ ಉದ್ದ ಬಿಟ್‌ನಿಂದ ಕೊರೆದೆ, ಹತ್ತು ನಿಮಿಷದ ಕೆಲಸ. ಕೇಬಲನ್ನು ಕರೆಂಟ್ ವೈರಿನಿಂದ ದೂರ, ಜಂತಿಯ ಗುಂಟ ಎಳೆದೆ. ಮನೆಯಲ್ಲಿ ಹಳೆ ರೂಟರ್ ಇರುವವರಿಗಾಗಿ ಹೇಳುತ್ತೇನೆ: ಮೊದಲು ಅದರ ಸೆಟ್ಟಿಂಗಿನಲ್ಲಿ ಡಿಎಚ್‌ಸಿಪಿ ಬಂದ್ ಮಾಡಬೇಕು, ಇಲ್ಲದಿದ್ದರೆ ಎರಡು ಡಬ್ಬಿಗಳೂ ಫೋನುಗಳಿಗೆ ನಂಬರು ಹಂಚಲು ಹೋಗಿ ಜಗಳವಾಗುತ್ತದೆ. ಅದರ ಸ್ವಂತ ವಿಳಾಸವನ್ನೂ ಹೊಸ ಡಬ್ಬಿಯದಕ್ಕಿಂತ ಬೇರೆ ಮಾಡಿ. ಕೇಬಲನ್ನು ಅದರ ಲ್ಯಾನ್ ತೂತಿಗೇ ಚುಚ್ಚಿ, ವ್ಯಾನ್ ಎಂದು ಬರೆದಿರುವುದಕ್ಕೆ ಬೇಡ. ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಕೊಡಿ, 2.4ರ ಚಾನೆಲ್ ಒಂದಕ್ಕೆ 1, ಇನ್ನೊಂದಕ್ಕೆ 11. ಒಟ್ಟು ಖರ್ಚು ಎಂಟುನೂರು ರೂಪಾಯಿಯೊಳಗೆ.

ಡಬ್ಬಿ ಎಲ್ಲಿ ಇಡಬೇಕು ಎಂದು ಈ ಸಲ ಉಮ್ಮನನ್ನೇ ಕೇಳಿದೆ. ಒಲೆಯ ಹೊಗೆ, ಒಗ್ಗರಣೆಯ ಎಣ್ಣೆ ತಾಗದ ಮೂಲೆ ಅವರಿಗೇ ಗೊತ್ತು. ಉಪ್ಪಿನಕಾಯಿ ಭರಣಿ ಸರಿಸಿ ಜಾಗ ತೋರಿಸಿದರು. ಅಲ್ಲಿ ಈಗ ಮೈನಸ್ 41. ಮೊದಲ ಸಂಜೆ ದೊಡ್ಡಮ್ಮ ಸ್ಕ್ರೀನಿನಲ್ಲಿ ಮುಖ ಕಂಡು ಕೇಳಿದ್ದು, ಉಮ್ಮ ಯಾಕೆ ಇಷ್ಟು ಬಡವಾದದ್ದು ಎಂದು. ಮಗಳು "ಕುಞ್ಞಿ" ಎಂದು ಕರೆಸಿಕೊಂಡು ಮುಂದೆ ನುಗ್ಗಿದಳು, ಉತ್ತರ ಕೊಟ್ಟದ್ದು ಹಿಂದಿಯಲ್ಲಿ. ದೊಡ್ಡಮ್ಮ ಗದರಿದರು. ಎರಡನೇ ವಾರಕ್ಕೆ ಬ್ಯಾರಿ ಮತ್ತೆ ಬಂತು, ಈಗ ಗದರುವ ದನಿಯೂ ಸೇರಿಕೊಂಡಿದೆ.

ಒಂದು ಕೆಲಸ ಬಾಕಿ ಉಂಟು. ಮುಂದಿನ ಡಬ್ಬಿ ಅಂಗಡಿಯ ಇನ್‌ವರ್ಟರ್ ಮೇಲೆ ನಡೆಯುತ್ತದೆ, ಅಡುಗೆಮನೆಯದಕ್ಕೆ ಅದಿಲ್ಲ. ಸಂಜೆ ಕರೆಂಟು ಹೋದರೆ ಉಪ್ಪನಿಗೆ ನೆಟ್, ಉಮ್ಮನಿಗೆ ಕತ್ತಲು. ಇನ್‌ವರ್ಟರಿನ ಒಂದು ವೈರು ಹಿಂದಕ್ಕೂ ಬರಬೇಕೆಂದು ಉಮ್ಮ ಹೇಳಿಯಾಗಿದೆ. ರಂಝಾನ್ ವ್ಯಾಪಾರ ಮುಗಿಯಲಿ ಎನ್ನುತ್ತಾರೆ ಉಪ್ಪ. ನಾನು ವೈರು ತಂದು ಇಟ್ಟಿದ್ದೇನೆ.